ಮ್ಯೂನಿಕ್‌ನಲ್ಲಿ ತಿಂಗಳಿಗೆ 992 ಯೂರೋ ಸಾಕಾಗುತ್ತಾ?

ಜರ್ಮನಿಯಲ್ಲಿ ಓದೋಕೆ ಫೀಸೇ ಇಲ್ವಂತೆ ಅನ್ನೋ ಮಾತು ಬೆಂಗಳೂರು ದಾಟಿ ಈಗ ಹಾಸನ, ದಾವಣಗೆರೆ, ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳ ಕ್ಯಾಂಟೀನ್‌ವರೆಗೂ ಬಂದಿದೆ. ಅಮೆರಿಕದ ವೀಸಾ ಕಷ್ಟ, ಕೆನಡಾ ಬಾಗಿಲು ಅರ್ಧ ಮುಚ್ಚಿದೆ, ಬ್ರಿಟನ್ ದುಬಾರಿ. ಹಾಗಾಗಿ ಜರ್ಮನಿ. 2022-23ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಭಾರತದವರು ಚೀನಾದವರನ್ನು ಹಿಂದೆ ಹಾಕಿ ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಅತಿ ದೊಡ್ಡ ಗುಂಪಾದರು. ಮರುವರ್ಷ ಸಂಖ್ಯೆ 49,483 ಆಯಿತು. ಆಮೇಲೂ ಏರುತ್ತಲೇ ಇದೆ.

ನಾನು ಮ್ಯೂನಿಕ್‌ನಲ್ಲಿ ಮಾಸ್ಟರ್ಸ್ ಓದಿದವನು. ವರ್ಷಕ್ಕೆ ನಾಲ್ಕೈದು ಮನೆಯವರಾದರೂ ಫೋನ್ ಮಾಡಿ ಕೇಳುತ್ತಾರೆ. ಯಾವ ಯೂನಿವರ್ಸಿಟಿ ಒಳ್ಳೇದು, ವೀಸಾ ಸಿಗುತ್ತಾ, ನಮ್ಮ ಅಂಕಪಟ್ಟಿ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟ್ ಬರೋಕೆ ಎಷ್ಟು ದಿನ, ಊಟಕ್ಕೆ ಏನು ಮಾಡ್ತಾರೆ. ರೂಮಿನ ಬಾಡಿಗೆ ಎಷ್ಟು ಅಂತ ಕೇಳೋದು ಕೊನೆಗೆ, ಅದೂ ಎಲ್ಲರೂ ಕೇಳಲ್ಲ. ಆದರೆ ಮ್ಯೂನಿಕ್‌ನಂಥ ಊರಿನಲ್ಲಿ ನಿಜವಾದ ಫೀಸ್ ಅಂದರೆ ಬಾಡಿಗೆಯೇ. ಈ ಒಂದು ವಿಷಯ ಅರ್ಥವಾಗದೆ ಎಷ್ಟೋ ಮನೆಗಳು ಸಾಲದ ಲೆಕ್ಕ ತಪ್ಪಿ ಹಾಕಿಕೊಳ್ಳುತ್ತಿವೆ.

992ರಿಂದ ಶುರು ಮಾಡೋಣ. ವೀಸಾ ಬೇಕಾದರೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅಲ್ಲಿಗೆ ಹೋದ ಮೇಲೆ ಅದೇ ದುಡ್ಡು ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಸರ್ಕಾರವೇ ಹೇಳಿದೆ ಅಂದಮೇಲೆ ತಿಂಗಳ ಖರ್ಚು ಅಷ್ಟೇ ಇರಬೇಕು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಆ ಸಂಖ್ಯೆ ಯಾವ ಊರಿನ ಸಂತೆಯನ್ನೂ ನೋಡಿ ಬರೆದದ್ದಲ್ಲ. ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಜರ್ಮನ್ ಸರ್ಕಾರ ಕೊಡುವ ಬಾಫೋಗ್ ಎಂಬ ಸಹಾಯಧನ ಇದೆ. ಅದರ ಗರಿಷ್ಠ ಮೊತ್ತ ಎಷ್ಟೋ ಅಷ್ಟನ್ನೇ ನಮಗೂ ಅಳತೆಯಾಗಿ ಇಟ್ಟಿದ್ದಾರೆ. ಬಿಡಿಸಿ ನೋಡಿದರೆ ಹೀಗಿದೆ. ಊಟ, ಬಟ್ಟೆ, ಪುಸ್ತಕ, ಓಡಾಟ ಎಲ್ಲಕ್ಕೂ 475. ಆರೋಗ್ಯ ವಿಮೆಗೆ 137. ಬಾಡಿಗೆಗೆ 380.

ಹಂಚಿಕೊಂಡ ಫ್ಲ್ಯಾಟಿನಲ್ಲಿ ಒಂದು ರೂಮಿಗೆ ಜರ್ಮನಿಯ ಸರಾಸರಿ ಬಾಡಿಗೆಯೇ 2025ರಲ್ಲಿ 500 ಯೂರೋ ಹತ್ತಿರ ಇತ್ತು. ಮ್ಯೂನಿಕ್‌ನಲ್ಲಿ ಸುಮಾರು 800. ದೇಶದಲ್ಲೇ ಅತಿ ಹೆಚ್ಚು. ಈಗ ಕಳೆಯುವ ಲೆಕ್ಕ ಮಾಡಿ. 992ರಲ್ಲಿ ವಿಮೆಗೆ 140ಕ್ಕಿಂತ ಜಾಸ್ತಿ ಹೋಯಿತು, 137ರಲ್ಲಿ ಈಗ ಅದೂ ಮುಗಿಯುವುದಿಲ್ಲ. ರೂಮಿಗೆ 800 ಹೋಯಿತು. ಉಳಿದದ್ದು ಐವತ್ತು ಯೂರೋ. ಅದರಲ್ಲಿ ಒಂದು ತಿಂಗಳು ಅಕ್ಕಿ, ಹಾಲು, ಮೊಬೈಲ್, ರೈಲು ಟಿಕೆಟ್ ಎಲ್ಲ ಆಗಬೇಕು. ಆಗಲ್ಲ. ವೀಸಾ ಕೊಡುವವರ ಲೆಕ್ಕದಲ್ಲಿ ಎಲ್ಲ ಸರಿ ಇರುವ ಹುಡುಗ ಮ್ಯೂನಿಕ್‌ನಲ್ಲಿ ಇಳಿದ ದಿನದಿಂದಲೇ ತಿಂಗಳಿಗೆ ಮುನ್ನೂರು ನಾನೂರು ಯೂರೋ ಕೊರತೆಯಲ್ಲಿರುತ್ತಾನೆ.

ಈ ಮೊತ್ತ ರೂಪಾಯಿಯಲ್ಲಿ ಎಷ್ಟು ಬೆಳೆದಿದೆ ಅನ್ನೋದನ್ನೂ ನೋಡಬೇಕು. 2018ರಲ್ಲಿ ಬ್ಲಾಕ್ಡ್ ಅಕೌಂಟ್‌ಗೆ 8,640 ಯೂರೋ ಸಾಕಿತ್ತು, ಯೂರೋ 80 ರೂಪಾಯಿ ಆಸುಪಾಸಿನಲ್ಲಿತ್ತು. ಅಂದರೆ ಏಳು ಲಕ್ಷದೊಳಗೆ ಮುಗಿಯುತ್ತಿತ್ತು. 2025ರ ಶುರುವಿನಲ್ಲಿ 90ರ ಆಸುಪಾಸಿನಲ್ಲಿದ್ದ ಯೂರೋ ಅದೇ ವರ್ಷ ನೂರು ದಾಟಿತು. ಈಗ ಅದೇ ಅಕೌಂಟಿಗೆ ಹನ್ನೆರಡು ಲಕ್ಷ ಬೇಕು. ಫೀಸ್ ಇಲ್ಲ ಅನ್ನೋ ಮಾತು ಹಾಗೇ ಉಳಿದಿದೆ. ಮನೆಯವರು ಹೊಂದಿಸಬೇಕಾದ ದುಡ್ಡು ಮಾತ್ರ ಏಳೆಂಟು ವರ್ಷದಲ್ಲಿ ಒಂದೂಮುಕ್ಕಾಲು ಪಟ್ಟು ಆಗಿದೆ. ಅದೂ ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷ ರೆಸಿಡೆನ್ಸ್ ಪರ್ಮಿಟ್ ಮುಂದುವರಿಸಲು ಮತ್ತೆ ದುಡ್ಡಿನ ದಾರಿ ತೋರಿಸಬೇಕು.

ಇನ್ನೊಂದು ತೊಡಕು ಇದೆ, ಇದನ್ನು ಕನ್ಸಲ್ಟೆನ್ಸಿಯವರು ಹೇಳಿದ್ದು ನಾನು ಕೇಳಿಲ್ಲ. ಬ್ಲಾಕ್ಡ್ ಅಕೌಂಟಿನ ದುಡ್ಡು ಹನಿ ನೀರಾವರಿಯ ಹಾಗೆ, ತಿಂಗಳಿಗೆ ಇಷ್ಟೇ. ಆದರೆ ಮನೆ ಹಿಡಿಯುವಾಗ ಅಡ್ವಾನ್ಸ್ ಸಾಮಾನ್ಯವಾಗಿ ಒಟ್ಟಿಗೆ ಕೇಳುತ್ತಾರೆ. ಅಲ್ಲಿನ ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರುವ ಹಾಗಿಲ್ಲ. ಅದೂ ಹೀಟರ್, ನೀರು ಇತ್ಯಾದಿ ಸೇರದ ಬರಿ ಬಾಡಿಗೆ, ಅದಕ್ಕೆ ಅವರು ಕಾಲ್ಟ್‌ಮೀಟೆ ಅಂತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಕಡಿಮೆ ಅನ್ನಿಸಬಹುದು. ಆದರೆ 700ರ ರೂಮಿಗೆ ಅದು 2,100 ಯೂರೋ, ಜೊತೆಗೆ ಮೊದಲ ತಿಂಗಳ ಬಾಡಿಗೆ. ಕೈಗೆ ಬರೋದು 992. ಹಾಗಾಗಿ ಬ್ಲಾಕ್ಡ್ ಅಕೌಂಟ್ ಬಿಟ್ಟು ಮೂರು ಸಾವಿರ ಯೂರೋ ಆದರೂ ಬೇರೆ ಇಟ್ಟುಕೊಂಡೇ ವಿಮಾನ ಹತ್ತಬೇಕು. ಇಲ್ಲದಿದ್ದರೆ ಸಿಕ್ಕ ರೂಮೂ ಕೈ ತಪ್ಪುತ್ತದೆ.

ಹಾಸ್ಟೆಲ್ ಇಲ್ವಾ ಅಂತ ನೀವು ಕೇಳಬಹುದು. ಇದೆ. ಮ್ಯೂನಿಕ್‌ನಲ್ಲಿ ಸರ್ಕಾರಿ ವಿದ್ಯಾರ್ಥಿ ಸಂಸ್ಥೆಯ ವಸತಿಗಳಿವೆ, ಬಾಡಿಗೆ ಹೊರಗಿನದಕ್ಕಿಂತ ತುಂಬ ಕಡಿಮೆ. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಗ್ರಾಮದ ಜಾಗದಲ್ಲಿ ಇವತ್ತು ಸಾವಿರಕ್ಕೂ ಮಿಕ್ಕಿ ಪುಟ್ಟ ಪುಟ್ಟ ಬಂಗಲೆಗಳಿವೆ, ಒಂದೊಂದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿ, ಮುಂದಿನ ಗೋಡೆಗೆ ತಮಗೆ ಬೇಕಾದ ಚಿತ್ರ ಬರೆದುಕೊಂಡಿರುತ್ತಾರೆ. ನೋಡಲು ಬಹಳ ಚಂದ. ಆದರೆ ಇಂಥ ಕಡೆ ರೂಮ್ ಸಿಗಲು ಸೆಮಿಸ್ಟರ್‌ಗಟ್ಟಲೆ ಕಾಯಬೇಕು. ಇನ್ನು ಊರಿನ ಉತ್ತರಕ್ಕೆ ಸ್ಟುಡೆಂಟೆನ್‌ಸ್ಟಾಟ್ ಇದೆ, ಹೆಸರೇ ವಿದ್ಯಾರ್ಥಿ ನಗರ ಅಂತ. ಸುಮಾರು 2,500 ಜನ ಇರಬಹುದಾದ ಜಾಗ, ಜರ್ಮನಿಯಲ್ಲೇ ದೊಡ್ಡದು. 2021ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು, ಒಬ್ಬರು ತೀರಿಕೊಂಡರು. ಆಮೇಲೆ ರಿಪೇರಿ, ಸುರಕ್ಷತೆ ಅಂತ ಒಂದೊಂದೇ ಕಟ್ಟಡ ಖಾಲಿ ಮಾಡಿಸಿದರು. ಸಾವಿರಕ್ಕೂ ಜಾಸ್ತಿ ರೂಮುಗಳು ವರ್ಷಾನುಗಟ್ಟಲೆ ಖಾಲಿ ಬಿದ್ದವು.

ಗಾರ್ಖಿಂಗ್ ಕ್ಯಾಂಪಸ್ಸಿಗೆ ಹೋಗುವವರು ಯು6 ರೈಲಿನಲ್ಲಿ ಇದೇ ಹೆಸರಿನ ಸ್ಟೇಷನ್ ದಾಟಿ ಹೋಗಬೇಕು. ಸಂಜೆ ವಾಪಸ್ ಬರುವಾಗ ದೀಪವೇ ಇಲ್ಲದ ಆ ಎತ್ತರದ ಕಟ್ಟಡಗಳು ಕಾಣುತ್ತಿದ್ದವು. ರೈಲಿನಲ್ಲಿ ಎದುರಿಗೆ ಕೂತ ಹುಡುಗಿ ಮೊಬೈಲಿನಲ್ಲಿ ರೂಮಿನ ಜಾಹೀರಾತು ನೋಡುತ್ತಿರುತ್ತಾಳೆ, ಕಿಟಕಿಯಾಚೆ ಸಾವಿರ ರೂಮು ಕತ್ತಲಲ್ಲಿ. ಮ್ಯೂನಿಕ್ ಇರುವ ಬವೇರಿಯಾ ಜರ್ಮನಿಯ ಶ್ರೀಮಂತ ರಾಜ್ಯಗಳಲ್ಲಿ ಒಂದು. ಅಲ್ಲಿಯೇ ಇಷ್ಟು ತಡವಾಗಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಹೀಗಾಗಿ ಹೆಚ್ಚಿನವರು ಹೊರಗೆ ರೂಮ್ ಹುಡುಕುತ್ತಾರೆ. ಫ್ಲ್ಯಾಟ್ ಹಂಚಿಕೊಳ್ಳುವುದಕ್ಕೆ ಅಲ್ಲಿ ವೇಗೇ ಅಂತಾರೆ. ನಮ್ಮ ಪಿಜಿ ತರ ದುಡ್ಡು ಕೊಟ್ಟು ಸೇರಿಕೊಳ್ಳೋದಲ್ಲ. ಈಗಾಗಲೇ ಇರುವವರು ನಮ್ಮನ್ನು ಕರೆದು ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಎಷ್ಟು ಗಂಟೆಗೆ ಏಳ್ತೀಯಾ, ಅಡುಗೆ ಮಾಡ್ತೀಯಾ, ಒಟ್ಟಿಗೆ ಊಟ ಮಾಡೋದು ಇಷ್ಟಾನಾ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಅಂತ ನಮ್ಮ ಕಡೆಯವರು ಹೇಳ್ತಾರೆ. ಒಂದು ರೂಮಿಗೆ ನೂರಾರು ಮೆಸೇಜು ಬಂದಿರುತ್ತವೆ. ಅದರಲ್ಲಿ ಇಂಗ್ಲಿಷ್‌ನಲ್ಲಿ, ಎಲ್ಲರಿಗೂ ಒಂದೇ ತರ ಬರೆದದ್ದು ಮೊದಲು ಕಸಕ್ಕೆ ಹೋಗುತ್ತದೆ. ನಾಲ್ಕು ಸಾಲು ಜರ್ಮನ್‌ನಲ್ಲಿ, ಅವರ ಜಾಹೀರಾತು ಓದಿಯೇ ಬರೆದಿದ್ದೀರಿ ಅಂತ ಗೊತ್ತಾಗುವಂತೆ ಬರೆದರೆ ಉತ್ತರ ಬರುತ್ತದೆ. ನನಗೆ ಹಾಗೇ ಗೀಸಿಂಗ್‌ನಲ್ಲಿ ಒಂದು ರೂಮ್ ಸಿಕ್ಕಿದ್ದು.

ಊರಲ್ಲೇ ಕೂತು ರೂಮ್ ಬುಕ್ ಮಾಡಲು ಹೋಗಿ ಮೋಸ ಹೋದವರು ಬಹಳ. ನನ್ನ ಜೊತೆ ಓದಿದ ಒಬ್ಬನಿಗೆ ಆದದ್ದು ಹೇಳುತ್ತೇನೆ. ಒಳ್ಳೆ ಫೋಟೋ, ಮಧ್ಯ ಊರು, ಬಾಡಿಗೆ ಬರೀ 450. ಓನರ್ ಸ್ಪೇನ್‌ನಲ್ಲಿದ್ದಾನಂತೆ, ಎರಡು ತಿಂಗಳ ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡುತ್ತಾನಂತೆ. ಇವನು 900 ಯೂರೋ ಕಳಿಸಿದ. ಕೈ ಬರಲೇ ಇಲ್ಲ. ಅವನ ಅಪ್ಪ ಅಡಿಕೆ ಮಾರಿ ಕಳಿಸಿದ ದುಡ್ಡು ಅದು. ಮ್ಯೂನಿಕ್‌ನಲ್ಲಿ 450ಕ್ಕೆ ಮಧ್ಯ ಊರಿನಲ್ಲಿ ರೂಮ್ ಅಂದ ಕೂಡಲೇ ಅನುಮಾನ ಬರಬೇಕು. ಯಾರಾದರೂ ಹೋಗಿ ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ. ಅಲ್ಲಿ ಕನ್ನಡಿಗರಿದ್ದಾರೆ. ಹೋಗಿ ನೋಡಿಕೊಂಡು ಬನ್ನಿ ಅಂದರೆ ಬೇಡ ಅನ್ನೋರು ಕಡಿಮೆ.

ರೂಮ್ ಸಿಕ್ಕರೂ ಒಂದು ಕಾಗದ ಸಿಗದಿದ್ದರೆ ಪ್ರಯೋಜನವಿಲ್ಲ. ಊರಿಗೆ ಬಂದು ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಎರಡು ಮೂರು ತಿಂಗಳಿಗೆ ರೂಮ್ ಬಿಟ್ಟುಕೊಡುವ ಕೆಲವರು ಆ ಪತ್ರ ಕೊಡಲ್ಲ ಅಂತಾರೆ. ನೋಂದಣಿ ಇಲ್ಲದಿದ್ದರೆ ತೆರಿಗೆ ನಂಬರ್ ಬರಲ್ಲ, ರೆಸಿಡೆನ್ಸ್ ಪರ್ಮಿಟ್ ಕೆಲಸ ಮುಂದೆ ಹೋಗಲ್ಲ. ಮಾತಾಡುವ ಮೊದಲ ದಿನವೇ ಈ ಪತ್ರ ಕೊಡ್ತೀರಾ ಅಂತ ಕೇಳಿ.

ಅಂಚೆಡಬ್ಬಿಯ ಕತೆಯನ್ನೂ ಹೇಳಲೇಬೇಕು. ಜರ್ಮನಿಯಲ್ಲಿ ಮುಖ್ಯವಾದದ್ದೆಲ್ಲ ಇವತ್ತಿಗೂ ಅಂಚೆಯಲ್ಲಿ ಬರುತ್ತದೆ. ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಪೋಸ್ಟ್‌ಮ್ಯಾನ್ ನೋಡೋದು ಡಬ್ಬಿಯ ಮೇಲಿನ ಹೆಸರು. ಹೆಸರಿಲ್ಲದಿದ್ದರೆ ಕಾಗದ ವಾಪಸ್. ನಾನು ಹೋದ ಹೊಸದರಲ್ಲಿ ಇದು ಗೊತ್ತಿಲ್ಲದೆ ನನ್ನ ತೆರಿಗೆ ನಂಬರಿನ ಪತ್ರ ಕೈ ತಪ್ಪಿತು. ಆ ನಂಬರ್ ಇಲ್ಲದೆ ಕೆಲಸಕ್ಕೆ ಸೇರಿದ್ದರಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿದರು, ವಾಪಸ್ ಸಿಕ್ಕಿದ್ದು ಮರುವರ್ಷ. ಕೊನೆಗೆ ಬಿಳಿ ಟೇಪಿನ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದು, ಮೇಲೆ ಪ್ಲಾಸ್ಟಿಕ್ ಟೇಪ್ ಅಂಟಿಸಿ ಬಂದೆ. ಬರೆದದ್ದು ನನ್ನ ಹೆಸರಲ್ಲ, ಅಪ್ಪನ ಹೆಸರು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರೇ ಇರುತ್ತದೆ, ಅಲ್ವಾ. ಅಲ್ಲಿ ಎಲ್ಲರೂ ಕರೆಯೋದು ಅದೇ ಹೆಸರಿನಿಂದ. ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ ಅಪ್ಪನನ್ನು ಕರೆದ ಹಾಗೆ ಕೇಳಿ ಮೊದಮೊದಲು ಗಂಟಲು ಕಟ್ಟುತ್ತಿತ್ತು.

ಇನ್ನು ಫೀಸ್ ಇಲ್ಲ ಅನ್ನೋ ಮಾತು. ಮ್ಯೂನಿಕ್‌ನ ಮಟ್ಟಿಗೆ ಅದು ಈಗ ಪೂರ್ತಿ ನಿಜವಲ್ಲ. ಪಕ್ಕದ ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಬವೇರಿಯಾದಲ್ಲಿ 2023ರಲ್ಲಿ ಜಾರಿಗೆ ಬಂದ ಕಾನೂನು ವಿಶ್ವವಿದ್ಯಾಲಯಗಳು ಬೇಕಿದ್ದರೆ ಹೊರಗಿನವರಿಂದ ಶುಲ್ಕ ತೆಗೆದುಕೊಳ್ಳಬಹುದು ಅಂದಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಟಿಯುಎಂ, 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ನಮ್ಮಂಥವರಿಗೆ ಶುಲ್ಕ ಶುರು ಮಾಡಿತು. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ, ಕೋರ್ಸ್ ಮೇಲೆ ಹೋಗುತ್ತದೆ. ಕೆಲವರಿಗೆ ವಿನಾಯಿತಿ, ಸ್ಕಾಲರ್‌ಶಿಪ್ ಇದೆ. ಬವೇರಿಯಾದ ಎಲ್ಲ ವಿಶ್ವವಿದ್ಯಾಲಯಗಳೂ ಹೀಗೆ ಮಾಡಿಲ್ಲ ಅನ್ನೋದು ಸಮಾಧಾನ.

ಈ ಶುಲ್ಕದ ಹಿಂದಿನ ಕತೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. 2007ರಲ್ಲಿ ಬವೇರಿಯಾ ಎಲ್ಲ ವಿದ್ಯಾರ್ಥಿಗಳ ಮೇಲೂ, ತನ್ನ ಮಕ್ಕಳ ಮೇಲೂ, ಶುಲ್ಕ ಹಾಕಿತ್ತು. ಜನ ಒಪ್ಪಲಿಲ್ಲ. 2013ರ ಜನವರಿಯಲ್ಲಿ ಚಳಿಯಲ್ಲಿ ಕಚೇರಿಗಳಿಗೆ ಹೋಗಿ ಶುಲ್ಕದ ವಿರುದ್ಧ ಸಹಿ ಹಾಕಿದರು, ಮತದಾರರಲ್ಲಿ ಹತ್ತಕ್ಕೆ ಒಬ್ಬರು ಸಾಕಿತ್ತು, ಅದಕ್ಕಿಂತ ಜಾಸ್ತಿ ಬಂದರು. ಅದೇ ವರ್ಷ ಶುಲ್ಕ ಹೋಯಿತು. ಹತ್ತು ವರ್ಷದ ಮೇಲೆ ಅದು ತಿರುಗಿ ಬಂದದ್ದು ಸಹಿ ಹಾಕುವ ಹಕ್ಕು ಇಲ್ಲದವರ ಮೇಲೆ ಮಾತ್ರ. ವಿಶ್ವವಿದ್ಯಾಲಯಕ್ಕೂ ದುಡ್ಡು ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಇದು ಮುಂದೆ ಕಡಿಮೆಯಾಗುತ್ತೆ ಅಂತ ನಂಬಿ ಯಾರೂ ಲೆಕ್ಕ ಹಾಕಬೇಡಿ. ಕರ್ನಾಟಕ ಮತ್ತು ಬವೇರಿಯಾ 2007ರಿಂದ ಸಹಭಾಗಿ ರಾಜ್ಯಗಳು. ನಮ್ಮ ಸರ್ಕಾರದವರು ಅಲ್ಲಿಗೆ ಹೋದಾಗ ಹೂಡಿಕೆಯ ಮಾತಿನ ಜೊತೆ ನಮ್ಮ ಮಕ್ಕಳ ಫೀಸು, ವಸತಿಯ ಮಾತನ್ನೂ ಎತ್ತಬೇಕು ಅನ್ನೋದು ನನ್ನ ಆಸೆ.

ಕೊರತೆ ತುಂಬಲು ಇರುವ ದಾರಿ ಪಾರ್ಟ್ ಟೈಮ್ ಕೆಲಸ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಮೊದಲು 120 ಇತ್ತು. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಅಂತ ಇಟ್ಟುಕೊಳ್ಳಿ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಅಂದರೆ ಪೂರ್ತಿ ಕೆಲಸ ಸಿಕ್ಕರೆ ತಿಂಗಳಿಗೆ 1,200 ಯೂರೋ, ಪಿಂಚಣಿ ಕಡಿತ ಕಳೆದು ಸಾವಿರದ ಚಿಲ್ಲರೆ ಕೈಗೆ. ಇದು ನಿಜಕ್ಕೂ ಬದುಕು ಉಳಿಸುತ್ತದೆ. ಮ್ಯೂನಿಕ್ ಪರವಾಗಿ ಹೇಳಬೇಕಾದ ದೊಡ್ಡ ಮಾತೂ ಇದೇ. ಬಿಎಂಡಬ್ಲ್ಯೂ, ಸೀಮೆನ್ಸ್, ಅಲಿಯಾನ್ಸ್ ಎಲ್ಲ ಅಲ್ಲೇ ಇರುವುದರಿಂದ ವಿದ್ಯಾರ್ಥಿಗಳಿಗೆ ಕೊಡುವ ಕೆಲಸಗಳೂ ಜಾಸ್ತಿ. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಓದಿಗೆ ಸಂಬಂಧಪಟ್ಟ ಕೆಲಸ ಸಿಗುತ್ತೆ ಅಂದುಕೊಳ್ಳಬೇಡಿ. ಹೆಚ್ಚಿನವರಿಗೆ ಮೊದಲು ಸಿಗೋದು ಗೋಡೌನ್, ಹೋಟೆಲ್ ಅಡುಗೆಮನೆ, ಊಟ ತಲುಪಿಸುವ ಸೈಕಲ್. ಆ ಕೆಲಸದಲ್ಲಿ ಅವಮಾನ ಏನೂ ಇಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬಂದು ಬೆಳಿಗ್ಗೆ ಎಂಟಕ್ಕೆ ಕ್ಲಾಸಿಗೆ ಹೋಗುವವನ ಪರೀಕ್ಷೆ ಏನಾಗುತ್ತೆ ಅಂತ ಯೋಚಿಸಿ. ಜರ್ಮನಿಯ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲ್ ಆದರೆ ಕೋರ್ಸಿನಿಂದಲೇ ಹೊರಗೆ.

ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಆ ಹದಿನೆಂಟು ತಿಂಗಳು ಈಗ ಮೊದಲಿನಷ್ಟು ಸುಲಭವಾಗಿಲ್ಲ. ಜರ್ಮನಿಯ ಆರ್ಥಿಕತೆ 2023, 2024 ಎರಡೂ ವರ್ಷ ಕುಗ್ಗಿತು. 2025ರ ಆಗಸ್ಟ್‌ನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು, ಹತ್ತು ವರ್ಷದಲ್ಲಿ ಮೊದಲ ಸಲ. ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಕೆಲಸ ಕಡಿಮೆ ಮಾಡುವುದಾಗಿ ಹೇಳಿದೆ, ಬಾಷ್ ಕೂಡ ಸಾವಿರಾರು ಕೆಲಸ ಕಡಿತ ಘೋಷಿಸಿದೆ. ನಮ್ಮಲ್ಲಿಂದ ಮೆಕ್ಯಾನಿಕಲ್, ಆಟೋಮೋಟಿವ್ ಓದಲು ಹೋಗುವವರಿಗೆ ಇದು ನೇರವಾಗಿ ತಟ್ಟುತ್ತದೆ. ಇಂಥ ಹೊತ್ತಿನಲ್ಲಿ ಇಂಗ್ಲಿಷ್ ಮಾತ್ರ ಬರುವವರು ಮೊದಲು ಹೊರಗುಳಿಯುತ್ತಾರೆ. ಕೋರ್ಸ್ ಇಂಗ್ಲಿಷ್‌ನಲ್ಲಿದೆ ಅಂತ ಜರ್ಮನ್ ಬಿಟ್ಟವರು ಎರಡು ವರ್ಷದ ಮೇಲೆ ಭಾಷೆಯ ಬಿ1, ಬಿ2 ಹಂತ ಅಂತ ಒದ್ದಾಡೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಊರಲ್ಲಿ ಅಪ್ಪ ಅಮ್ಮನ ಊಟ ಉಂಡುಕೊಂಡು ಕಲಿಯುವ ಭಾಷೆಯೇ ಅಗ್ಗದ ಭಾಷೆ.

ಹಾಗಾದರೆ ಮ್ಯೂನಿಕ್ ಬೇಡವಾ? ನನಗೆ ಆ ಊರು ತುಂಬ ಕೊಟ್ಟಿದೆ, ಬೇಡ ಅನ್ನಲು ಬಾಯಿ ಬರಲ್ಲ. ಸ್ಕಾಲರ್‌ಶಿಪ್ ಇದ್ದರೆ, ಫೀಸ್ ಇಲ್ಲದ ಕೋರ್ಸ್ ಸಿಕ್ಕಿದ್ದರೆ, ಅಡ್ಮಿಷನ್ ಬಂದ ದಿನವೇ ಹಾಸ್ಟೆಲಿಗೆ ಅರ್ಜಿ ಹಾಕಿದ್ದರೆ ಹೋಗಿ. ಊರಿಂದ ಹೊರಗೆ ಇರುವುದಕ್ಕೆ ಹಿಂಜರಿಯಬೇಡಿ. ಆಗ್ಸ್‌ಬರ್ಗ್‌ನಲ್ಲಿ ಬಾಡಿಗೆ ಕಡಿಮೆ, ರೈಲಿನಲ್ಲಿ ಮುಕ್ಕಾಲು ಗಂಟೆ. ಇನ್ನೊಂದು ಮಾತು, ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ ಇಳಿಯಬೇಡಿ. ಆಗ ಅಕ್ಟೋಬರ್‌ಫೆಸ್ಟ್ ನಡೆಯುತ್ತಿರುತ್ತದೆ, ಲಾಡ್ಜ್, ಹಾಸ್ಟೆಲ್ ಹಾಸಿಗೆಗಳ ಬೆಲೆ ಮೂರು ನಾಲ್ಕು ಪಟ್ಟು ಏರಿರುತ್ತದೆ. ಆಗಸ್ಟ್ ಕೊನೆಗೇ ತಲುಪಿದರೆ ರೂಮ್ ಹುಡುಕಲು ಮೂರು ವಾರ ಸಿಗುತ್ತದೆ.

ಕಳೆದ ವರ್ಷ ಶಿವಮೊಗ್ಗದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಮ್ಮ ಚಿಕ್ಕಮ್ಮನ ಕಡೆಯ ಸಂಬಂಧ. ಟಿಯುಎಂನಲ್ಲಿ ಸಿಕ್ಕಿದೆ ಅಣ್ಣಾ, ಕೆಮ್ನಿಟ್ಸ್‌ನಲ್ಲೂ ಸಿಕ್ಕಿದೆ, ಎಲ್ಲರೂ ಟಿಯುಎಂ ಅಂತಿದ್ದಾರೆ ಅಂದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಟಿಯುಎಂ ಫೀಸ್ ನಾಲ್ಕು ಸೆಮಿಸ್ಟರಿಗೆ 16,000. ಕೆಮ್ನಿಟ್ಸ್‌ನಲ್ಲಿ ರೂಮ್ 300ರ ಆಸುಪಾಸು, ಮ್ಯೂನಿಕ್‌ಗಿಂತ ತಿಂಗಳಿಗೆ 500 ಕಡಿಮೆ, ಎರಡು ವರ್ಷಕ್ಕೆ 12,000. ಒಟ್ಟು ವ್ಯತ್ಯಾಸ 28,000 ಯೂರೋ. ನೂರರ ಲೆಕ್ಕದಲ್ಲಿ 28 ಲಕ್ಷ. ಅವರ ಮನೆ ಅಡವಿಟ್ಟರೂ ಅಷ್ಟು ಸಾಲ ಸಿಗುತ್ತಿರಲಿಲ್ಲ.

ಕೆಮ್ನಿಟ್ಸ್‌ನ ಕಷ್ಟವನ್ನೂ ಮುಚ್ಚಿಡಲಿಲ್ಲ. ಅದು ಸ್ಯಾಕ್ಸನಿ ರಾಜ್ಯದಲ್ಲಿದೆ, 2025ರ ಚುನಾವಣೆಯಲ್ಲಿ ಅಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷಕ್ಕೆ ಎಲ್ಲರಿಗಿಂತ ಜಾಸ್ತಿ ಮತ ಬಂತು. 2018ರಲ್ಲಿ ಅದೇ ಊರಿನಲ್ಲಿ ವಿದೇಶಿಯರ ವಿರುದ್ಧ ಗಲಾಟೆ ನಡೆದಿತ್ತು. 2025ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಆರಿಸಿದ್ದೂ ಅದೇ ಊರನ್ನು. ಅಂಗಡಿಯಲ್ಲಿ ಇಂಗ್ಲಿಷ್ ನಡೆಯಲ್ಲ, ಪಾರ್ಟ್ ಟೈಮ್ ಕೆಲಸ ಕಡಿಮೆ, ರಾತ್ರಿ ಒಬ್ಬಳೇ ಓಡಾಡುವಾಗ ಎಚ್ಚರ ಬೇಕು. ಈಗಾಗಲೇ ಅಲ್ಲಿ ಓದುತ್ತಿರುವ ಇಬ್ಬರು ಕನ್ನಡದ ಹುಡುಗಿಯರ ನಂಬರ್ ಹುಡುಕಿ ಕೊಟ್ಟೆ, ಅವರನ್ನೇ ಕೇಳು ಅಂದೆ. ಒಂದು ವಾರ ಅವರ ಜೊತೆ ಮಾತಾಡಿದಳು, ಆಮೇಲೆ ಕೆಮ್ನಿಟ್ಸ್ ಆರಿಸಿಕೊಂಡಳು. ಹೊರಡುವುದಕ್ಕೆ ಮೊದಲು ಆರು ತಿಂಗಳು ಜರ್ಮನ್ ಕ್ಲಾಸಿಗೆ ಹೋದಳು, ಎ2 ಮುಗಿಸಿಯೇ ವಿಮಾನ ಹತ್ತಿದ್ದು. ಮೊನ್ನೆ ಒಂದು ಫೋಟೋ ಕಳಿಸಿದ್ದಾಳೆ. ಅಂಚೆಡಬ್ಬಿಯ ಮೇಲೆ ಅವಳ ಅಪ್ಪನ ಹೆಸರು, ಅಚ್ಚು ಹಾಕಿಸಿದ ಅಕ್ಷರದಲ್ಲಿ.